ಚೆಂಡುಗಳನ್ನು ಮೇಯಲು ಬಿಟ್ಟ ವರ್ಷಗಳು

ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಒಂದು ಬೀಗ ಒಡೆಸಿದೆ.

ಧರ್ಮಪುರದಿಂದ ಇನ್ನೂ ಒಳಗೆ, ಆಂಧ್ರದ ಗಡಿಗೆ ಹತ್ತಿರವಿದ್ದ ಪ್ರೌಢಶಾಲೆ ಅದು. ಸುತ್ತ ಶೇಂಗಾ ಹೊಲ, ಹೊಲದ ಬದಿಗೆಲ್ಲ ಬಳ್ಳಾರಿ ಜಾಲಿ, ಆ ಜಾಲಿಯ ನಡುವೆ ನಮ್ಮ ಆಟದ ಬಯಲು. ಹೊಸದುರ್ಗದಲ್ಲಿ ಹುಟ್ಟಿ ಬೆಳೆದ ನನಗೆ ಆಗ ಇಪ್ಪತ್ತನಾಲ್ಕು ವರ್ಷ. ಆ ಶಾಲೆಗೆ ಅಲ್ಲಿಯವರೆಗೆ ದೈಹಿಕ ಶಿಕ್ಷಕರೇ ಬಂದಿರಲಿಲ್ಲ. ಬಂದರೂ ಹೆಣ್ಣುಮಗಳು ಬರಬಹುದೆಂದು ಯಾರೂ ಎಣಿಸಿರಲಿಲ್ಲ. ಕಚೇರಿಯ ಜವಾನ ನನ್ನ ಆದೇಶ ಪತ್ರ ನೋಡುವ ಮೊದಲೇ "ಹೊಲಿಗೆ ಟೀಚರಾ?" ಎಂದು ಕೇಳಿದ.

ಹೆಡ್‌ಮಾಸ್ಟರು ರುದ್ರಮುನಿಯಪ್ಪನವರು ನಿವೃತ್ತಿಯ ಅಂಚಿನಲ್ಲಿದ್ದ ಜಾಗ್ರತೆಯ ಮನುಷ್ಯ. ಆಟದ ಸಾಮಾನು ಇದೆಯೇ ಎಂದು ಕೇಳಿದ್ದಕ್ಕೆ ಅವರ ಮುಖದಲ್ಲಿ ಹೆಮ್ಮೆ ಕಾಣಿಸಿತು.

"ಎಲ್ಲಾ ಹೊಸಾವೇ ಅವೆ ಕಣಮ್ಮ. ನಾಲ್ಕು ವರ್ಷದಿಂದ ಒಂದನ್ನೂ ಹಾಳು ಮಾಡಾಕೆ ಬಿಟ್ಟಿಲ್ಲ" ಎಂದರು.

ಸಾಮಾನಿದ್ದ ಕಬ್ಬಿಣದ ಬೀರುವಿನ ಕೀಲಿ ಎಲ್ಲೋ ಕಳೆದಿತ್ತು. ಜವಾನ ಕಲ್ಲಿನಿಂದ ಬೀಗಕ್ಕೆ ನಾಲ್ಕು ಏಟು ಹಾಕಿ ತೆಗೆದ. ಒಳಗಿನಿಂದ ಹಳೆಯ ರಬ್ಬರಿನ ಕಮಟು ವಾಸನೆ ಬಂತು. ಫುಟ್‌ಬಾಲಿನ ಒಳಗಿನ ಬ್ಲಾಡರ್ ತನಗೆ ತಾನೇ ಅಂಟಿಕೊಂಡು ಹಪ್ಪಳವಾಗಿತ್ತು. ವಾಲಿಬಾಲುಗಳು ಹಿಂಡಿದ ನಿಂಬೆಹಣ್ಣಿನಂತೆ ಕುಗ್ಗಿದ್ದವು. ಬಲೆಯಲ್ಲಿ ಇಲಿ ಮರಿ ಹಾಕಿತ್ತು. ಡಬ್ಬಿಯೊಳಗಿನ ಶಟಲ್ ಕಾಕುಗಳನ್ನು ಮುಟ್ಟಿದರೆ ಗರಿಗಳು ಪುಡಿಯಾಗಿ ಉದುರಿದವು. ಒಂದೇ ಒಂದು ದಿನ ಬಯಲಿಗೆ ಬರದೆ ಅವೆಲ್ಲ ಮುಗಿದುಹೋಗಿದ್ದವು.

ಬಾಗಿಲಲ್ಲಿ ಹುಡುಗಿಯರು ಗುಂಪಾಗಿ ಇಣುಕುತ್ತಿದ್ದರು. ಅವರಲ್ಲಿ ಒಬ್ಬಳು ಒಳಗೆ ಬಂದು ಫುಟ್‌ಬಾಲನ್ನು ಎತ್ತಿಕೊಂಡಳು. ಒಂಬತ್ತನೇ ತರಗತಿಯ ಕರಿಯಮ್ಮ, ಕುರಿ ಸಾಕುವ ಮನೆಯ ಹುಡುಗಿ. ಕುರಿಯ ಬಾಯಿ ಬಿಡಿಸಿ ಹಲ್ಲು ನೋಡುವವರ ಹಾಗೆ ಚೆಂಡಿನ ಹೊಲಿಗೆ ಬಿಡಿಸಿ ಒಳಗೆ ನೋಡಿದಳು.

"ಮೇಡಂ, ಇವು ಮೇವಿಲ್ದೆ ಸತ್ತೋಗವೆ. ರೊಪ್ಪದಾಗೆ ಕೂಡಿ ಬಾಗ್ಲು ಹಾಕಿದ್ರೆ ಇನ್ನೇನಾಗ್ತವೆ" ಎಂದಳು.

ಅವಳ ಧ್ವನಿಯಲ್ಲಿ ತಮಾಷೆ ಇರಲಿಲ್ಲ. ರೊಪ್ಪ ಎಂದರೆ ಕುರಿಗಳನ್ನು ರಾತ್ರಿ ಕೂಡುವ ಮುಳ್ಳಿನ ಆವರಣ. ಹಿಂದೆ ನಿಂತಿದ್ದ ರುದ್ರಮುನಿಯಪ್ಪನವರು ಕನ್ನಡಕ ತೆಗೆದು ಒರೆಸತೊಡಗಿದರು. ಕೆಟ್ಟವರಲ್ಲ ಅವರು. ಆಡಿಸಿದರೆ ಹಾಳಾಗುತ್ತದೆ, ಹಾಳಾದರೆ ಯಾರೋ ಕೇಳುತ್ತಾರೆ ಎಂಬ ಭಯ ಅವರದು. ಅದೇ ತಿಂಗಳು ತಾವೇ ಹಿರಿಯೂರಿಗೆ ಹೋಗಿ ಎರಡು ಚೆಂಡು, ಒಂದು ಬಲೆ ತಂದುಕೊಟ್ಟರು. "ಮೇಯಾಕೆ ಬಿಡ್ರಿ" ಎಂದಷ್ಟೇ ಹೇಳಿದರು.

ಹೀಗೆ ಶುರುವಾಯಿತು. ಉಳಿದ ಸಾಮಾನು ಆಮೇಲೆ ಒಂದೊಂದಾಗಿ ಬಂತು. ಬೀರುವಿಗೆ ರೊಪ್ಪ ಎಂಬ ಹೆಸರೇ ಉಳಿಯಿತು. ಸಂಜೆ ಕರಿಯಮ್ಮ ಬಾಗಿಲಲ್ಲಿ ನಿಂತು ಒಂದೊಂದನ್ನೇ ಎಣಿಸಿ ಒಳಗೆ ಬಿಡುತ್ತಿದ್ದಳು. ಉಳಿದ ಹುಡುಗಿಯರು ಬಿಡುವಿದ್ದಾಗ ಹೊಂಗೆ ಮರದ ಕೆಳಗೆ ಕೂತು ಯಾವುದು ಯಾವ ಪ್ರಾಣಿ ಎಂದು ತೀರ್ಮಾನ ಮಾಡುತ್ತಿದ್ದರು. ನಾನೂ ಅವರ ಜೊತೆ ಕೂತು ವಾದ ಮಾಡುತ್ತಿದ್ದೆ. ಫುಟ್‌ಬಾಲು ಕಾಡುಹಂದಿ, ಏಕೆಂದರೆ ಪೊದೆ ಕಂಡ ಕಡೆ ನುಗ್ಗುತ್ತದೆ. ಗುಂಡು ಎಸೆತದ ಕಬ್ಬಿಣದ ಗುಂಡು ಆಮೆ. ಅದರ ಆಯುಸ್ಸು ಎಷ್ಟೆಂದು ಯಾರಿಗೂ ಗೊತ್ತಿಲ್ಲ, ಮಳೆಗಾಲದಲ್ಲಿ ಮಣ್ಣಿನೊಳಗೆ ಇಳಿದು ಬೇಸಿಗೆಯಲ್ಲಿ ಬೆನ್ನು ತೋರಿಸುತ್ತದೆ. ಶಟಲ್ ಕಾಕು ಮೊದಲ ಮಳೆಗೆ ಎದ್ದು ದೀಪಕ್ಕೆ ಮುತ್ತುವ ಮಳೆಹುಳ, ಸಂಜೆ ಹುಟ್ಟಿ ಬೆಳಗಾಗುವುದರೊಳಗೆ ರೆಕ್ಕೆ ಕಳೆದುಕೊಳ್ಳುವಂಥದ್ದು. ಸ್ಕಿಪ್ಪಿಂಗ್ ಹಗ್ಗ ಕೇರೆಹಾವು. ಟೆನಿಸ್ ಚೆಂಡಿನ ಬಗ್ಗೆ ಜಗಳವೇ ಆಯಿತು. ಹುಟ್ಟುವಾಗ ಮೈತುಂಬ ಕೂದಲಿರುವುದರಿಂದ ಅದು ಮೊಲ ಎಂದು ಕೆಲವರು, ಮುಪ್ಪಿನಲ್ಲಿ ಬೋಳಾಗುವುದರಿಂದ ಅದು ಮನುಷ್ಯರ ಜಾತಿಗೇ ಸೇರಿದ್ದು ಎಂದು ಕೆಲವರು. ಬೋಳಾದ ಮೇಲೆ ಅದು ಹಿಂಡು ಬಿಟ್ಟು ಒಂಟಿಯಾಗಿ ಹೋಗಿ ಯಾರದೋ ಮನೆಯ ಹೆಂಚಿನ ಮೇಲೆ ಪ್ರಾಣ ಬಿಡುತ್ತದೆ ಎಂಬುದನ್ನು ಮಾತ್ರ ಎಲ್ಲರೂ ಒಪ್ಪಿದರು.

ಈ ಎಲ್ಲ ಪ್ರಾಣಿಗಳನ್ನು ಬೇಟೆಯಾಡುವ ಚಿರತೆ ನಮ್ಮ ಸೀಮೆಯಲ್ಲಿ ಬಳ್ಳಾರಿ ಜಾಲಿ. ಅದರ ಮುಳ್ಳಿಗೆ ಸಿಕ್ಕ ಚೆಂಡು ಉಳಿಯುತ್ತಿರಲಿಲ್ಲ. ಮೊದಲ ಫುಟ್‌ಬಾಲು ಸತ್ತಾಗ ಕರಿಯಮ್ಮ, "ನಮ್ಮಪ್ಪ ಕುರಿ ಸತ್ರೆ ಹಂಗೇ ಹೂಳಲ್ಲ ಮೇಡಂ. ಯಾಕೆ ಸತ್ತಿತು ಅಂತ ಕೊಯ್ದು ನೋಡ್ತಾನೆ" ಎಂದಳು. ಬ್ಲೇಡು ತಂದು ಕೊಯ್ದು ನೋಡಿದೆವು. ಮುಳ್ಳು ಇರಲಿಲ್ಲ. ನಾನು ಪಂಪಿನಿಂದ ಮಿತಿ ಮೀರಿ ಗಾಳಿ ತುಂಬಿ ಮಧ್ಯಾಹ್ನದ ಬಿಸಿಲಿಗೆ ಬಿಟ್ಟಿದ್ದರಿಂದ ಬ್ಲಾಡರ್ ಸೀಳಿತ್ತು. ಹುಡುಗಿಯರೆಲ್ಲ ನನ್ನನ್ನು ನೋಡಿದರು. ನಾನು ತರಬೇತಿ ಕಾಲೇಜಿನಲ್ಲಿ ಕಲಿಯದೇ ಇದ್ದ ಎಷ್ಟೋ ಸಂಗತಿಗಳನ್ನು ಹೀಗೆ ಕೊಯ್ದು ಕೊಯ್ದು ಕಲಿತೆ. ಮಧ್ಯಾಹ್ನ ಚೆಂಡುಗಳನ್ನು ನೆರಳಿಗೆ ಹೊಡೆಯುವುದು, ಆಟಕ್ಕೆ ಮುಂಚೆ ಎಲ್ಲರೂ ಸಾಲಾಗಿ ನಡೆದು ಬಯಲಿನ ಮುಳ್ಳು ಹೆಕ್ಕುವುದು ನಮ್ಮ ಪದ್ಧತಿಯಾಯಿತು. ಮುಳ್ಳು ಹೆಕ್ಕಿದ್ದರಿಂದ ಬರಿಗಾಲಲ್ಲಿ ಓಡುತ್ತಿದ್ದ ಹುಡುಗಿಯರ ಅಂಗಾಲುಗಳೂ ಉಳಿದವು.

ಈ ಭಾಷೆ ನನಗೆ ಎಷ್ಟು ಅಭ್ಯಾಸವಾಗಿ ಹೋಯಿತೆಂದರೆ ವರ್ಷದ ಕೊನೆಯಲ್ಲಿ ತಾಲ್ಲೂಕು ಕಚೇರಿಗೆ ಕಳಿಸುವ ಪಟ್ಟಿಯಲ್ಲೂ ಅದು ನುಸುಳಿತು. ಸಾಮಾನು ನಿರುಪಯುಕ್ತವಾಗಲು ಕಾರಣವೇನು ಎಂಬ ಅಂಕಣ ಅದರಲ್ಲಿತ್ತು. ಹಾಳೆ ತುಂಬಿಸಲು ಕೂತಾಗ ಮಕ್ಕಳು ಸುತ್ತ ಕೂತು ಹೇಳುತ್ತಿದ್ದರು, ನಾನು ನಗುತ್ತ ಕರಡು ಬರೆದೆ. ಕಳಿಸುವಾಗ ಒಳ್ಳೆಯ ಪ್ರತಿಯ ಬದಲು ಕರಡೇ ಲಕೋಟೆಯೊಳಗೆ ಹೋಯಿತು.

ಹಿರಿಯೂರಿನಲ್ಲಿ ನಡೆದ ದೈಹಿಕ ಶಿಕ್ಷಕರ ಸಭೆಯಲ್ಲಿ ಪರಿವೀಕ್ಷಕರಾದ ಓಂಕಾರಪ್ಪನವರು ಒಂದು ಹಾಳೆ ಎತ್ತಿ ಹಿಡಿದರು. ಕಟ್ಟುನಿಟ್ಟಿನ ಮನುಷ್ಯ, ನಕ್ಕದ್ದನ್ನು ಯಾರೂ ನೋಡಿರಲಿಲ್ಲ.

"ವಾಲಿಬಾಲ್ ಒಂದು, ಮುಪ್ಪು. ಫುಟ್‌ಬಾಲ್ ಒಂದು, ಬಿಸಿಲು ಹೊಡೆದು ಮರಣ. ಟೆನಿಸ್ ಚೆಂಡು ಮೂರು, ವಲಸೆ ಹೋಗಿವೆ, ಹಿಂತಿರುಗಿಲ್ಲ. ಶಟಲ್ ಕಾಕು ಹನ್ನೆರಡು, ಆಯುಸ್ಸೇ ಅಷ್ಟು" ಎಂದು ಒಂದೊಂದಾಗಿ ಓದಿ, "ಇದು ಶಾಲೆನೋ ಪಶು ಆಸ್ಪತ್ರೆನೋ? ಯಾರಿದು ಗಿರಿಜಮ್ಮ?" ಎಂದರು.

ಮೂವತ್ತು ಮಂದಿ ಗಂಡಸರ ನಡುವೆ ಎದ್ದು ನಿಂತೆ. ಕೋಣೆಯೆಲ್ಲ ನಕ್ಕಿತು. ನೆಲ ಬಾಯಿಬಿಡಬಾರದೇ ಎನಿಸಿತು. ಸಭೆ ಮುಗಿದ ಮೇಲೆ ಅವರು ಕರೆದು ಎದುರಿನ ಕುರ್ಚಿ ತೋರಿಸಿದರು.

"ಕುಂತ್ಕಳ್ರಿ. ಇದನ್ನ ಆಫೀಸಿನ ಭಾಷೆಯಾಗೆ ಬರ್ದು ಇನ್ನೊಂದು ಕೊಡ್ರಿ. ಒಂದು ಮಾತು ಗೊತ್ತಿರ್ಲಿ, ಈ ವರ್ಷ ಬಂದ ಪಟ್ಟಿಗಳಾಗೆ ಆಡಿ ಹಾಳಾದ ಸಾಮಾನು ನಿಮ್ದು ಬಿಟ್ರೆ ಇನ್ನೊಂದೇ ಕಡೆಯದು ಐತೆ. ಮಿಕ್ಕವಕ್ಕೆಲ್ಲ ಇಲಿ ಕಡಿದೈತಂತೆ." ಹಾಳೆಯನ್ನು ಮಡಿಸಿ ಜೇಬಿಗಿಟ್ಟು, "ಈ ಹಾಳೆ ನನ್ನತ್ರ ಇರ್ಲಿ. ಮನೆಯಾಗೆ ಓದಿ ತೋರಿಸ್ಬೇಕು" ಎಂದರು.

ಮೇಲಧಿಕಾರಿಗಳ ಬಗ್ಗೆ ಹೊಸಬರು ಕೇಳುತ್ತಾರೆ. ನನಗೆ ಎಲ್ಲ ಬಗೆಯವರೂ ಸಿಕ್ಕರು. ಬಯಲಿಗೆ ಇಳಿದು ನೋಡಿ ಹೋದವರ ಹೆಸರು ಇವತ್ತಿಗೂ ನೆನಪಿದೆ, ಉಳಿದವರದು ಇಲ್ಲ.

ಆಮೇಲಿನ ವರ್ಷಗಳಲ್ಲಿ ಸಾಮಾನಿನ ತಳಿಯೇ ಬದಲಾಯಿತು. ಕೈಯಲ್ಲಿ ಹೊಲಿದ ಚರ್ಮದ ಚೆಂಡು ಹೋಗಿ ಹೊಲಿಗೆಯೇ ಇಲ್ಲದ ರಬ್ಬರಿನದು ಬಂತು. ಅದು ಮಳೆಗೆ ನೆನೆದರೂ ಭಾರವಾಗುವುದಿಲ್ಲ, ಆದರೆ ಗಾಯವಾದರೆ ವಾಸಿಯೂ ಆಗುವುದಿಲ್ಲ. ಚರ್ಮದ್ದಾದರೆ ಹಿರಿಯೂರಿನ ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವವರ ಹತ್ತಿರ ಒಯ್ದು ಇನ್ನೊಂದು ವರ್ಷದ ಆಯುಸ್ಸು ಹಾಕಿಸಿಕೊಂಡು ಬರುತ್ತಿದ್ದೆ. ಗರಿಯ ಶಟಲ್ಲಿಗೆ ಬದಲು ಪ್ಲಾಸ್ಟಿಕ್ಕಿನದು ಬಂತು. ಒಂದು ಸಂಜೆಯ ಬದಲು ಒಂದು ತಿಂಗಳು ಬದುಕುತ್ತದೆ, ಹಾರುವುದು ಮಾತ್ರ ಕಲ್ಲಿನ ಹಾಗೆ. ನಾನು ಯಾವುದನ್ನೂ ದೂರುತ್ತಿಲ್ಲ. ಆಡುವ ಕೈಗಳಿಗೆ ಸಿಕ್ಕರೆ ಯಾವುದಾದರೂ ಆದೀತು.

ಇಷ್ಟೇ ಆಗಿದ್ದರೆ ಇದು ನಗುತ್ತ ಹೇಳಿ ಮುಗಿಸುವ ಕಥೆ. ಆದರೆ ನಾನು ಬರೆಯಲು ಕೂತಿದ್ದು ಹೊಳಲ್ಕೆರೆ ತಾಲ್ಲೂಕಿನ ಶಾಲೆಯಲ್ಲಿ ನಡೆದದ್ದನ್ನು ಹೇಳುವುದಕ್ಕೆ. ಹೊಸದಾಗಿ ಈ ಕೆಲಸಕ್ಕೆ ಬರುವವರು ಬೇರೆಲ್ಲ ಮರೆತರೂ ಇದನ್ನು ಮರೆಯಬಾರದು.

ಧರ್ಮಪುರದ ಕಡೆಯಿಂದ ವರ್ಗವಾಗಿ ಅಲ್ಲಿಗೆ ಬಂದಾಗ ನನಗೆ ನಲವತ್ತು ದಾಟಿತ್ತು. ಶಾಲೆಯ ಹಿಂದೆ ವಿಶಾಲವಾದ ಬಯಲು, ಅದರಾಚೆ ಕೆರೆ. ಪ್ರಾಣಿಗಳ ಆಟವನ್ನು ಅಲ್ಲಿಗೂ ತಂದಿದ್ದೆ. ಆ ಮಕ್ಕಳು ತಮ್ಮದೇ ಹೆಸರುಗಳನ್ನು ಇಟ್ಟುಕೊಂಡರು. ಭರ್ಜಿ ಎಸೆತಕ್ಕೆಂದು ಎರಡು ಭರ್ಜಿಗಳು ಬಂದಾಗ ಹತ್ತನೇ ತರಗತಿಯ ಭಾಗ್ಯ ಅವಕ್ಕೆ ಕೊಕ್ಕರೆ ಎಂದು ಹೆಸರಿಟ್ಟಳು. ಹಾರಿ ಬಂದು ಇಳಿಯುವ ರೀತಿ, ಉದ್ದ ಕೊಕ್ಕು, ನೆಲಕ್ಕೆ ಓರೆಯಾಗಿ ನಾಟಿ ಒಂಟಿ ಕಾಲಲ್ಲಿ ನಿಲ್ಲುವುದು, ಎಲ್ಲ ಕೆರೆಯ ಕೊಕ್ಕರೆಯ ಹಾಗೇ ಇತ್ತು. ನನಗೆ ಬಹಳ ಇಷ್ಟವಾಯಿತು. ಭಾಗ್ಯ ಎತ್ತರದ, ಗಟ್ಟಿ ಭುಜದ ಹುಡುಗಿ. ಅವಳ ಜೊತೆಗಾರ್ತಿ ರೂಪಾ ಒಂಬತ್ತನೆಯವಳು, ಚುರುಕಿನವಳು, ಗಾರೆ ಕೆಲಸದ ತಿಪ್ಪೇಸ್ವಾಮಿಯ ಮಗಳು. ಒಬ್ಬಳು ಕೊಕ್ಕರೆ ಹಾರಿಸಿದರೆ ಇನ್ನೊಬ್ಬಳು ಓಡಿ ಹಿಡಿದು ತರುವಳು. ಅದೂ ಅವರಿಗೆ ಒಂದು ಆಟವಾಗಿತ್ತು.

ಆ ದಿನ ಕೊನೆಯ ಪಿರಿಯಡ್ಡು. ಜವಾನ ಒಂದು ಪಟ್ಟಿ ತಂದು, ಕೂಡಲೇ ಸಹಿ ಬೇಕಂತೆ ಎಂದ. ಬಯಲಿಗೆ ಬೆನ್ನು ಮಾಡಿ ಕಂಬಕ್ಕೆ ಹಾಳೆ ಒತ್ತಿ ಹೆಸರುಗಳನ್ನು ಓದಿ ಸಹಿ ಹಾಕುತ್ತಿದ್ದೆ. ಎರಡು ನಿಮಿಷವೂ ಆಗಿರಲಾರದು. ಯಾರೂ ಕಿರುಚಲಿಲ್ಲ. ಮಕ್ಕಳ ಗದ್ದಲ ಒಮ್ಮೆಲೇ ನಿಂತುಹೋಯಿತು. ಆ ನಿಶ್ಶಬ್ದಕ್ಕೇ ನಾನು ತಿರುಗಿದ್ದು.

ಮೊದಲ ಭರ್ಜಿಯನ್ನು ತರಲು ರೂಪಾ ಓಡಿದ್ದಾಳೆ. ಅವಳು ಓಡಿದ್ದನ್ನು ನೋಡದೆ ಭಾಗ್ಯ ಎರಡನೆಯದನ್ನು ಎಸೆದಿದ್ದಾಳೆ. ಅದು ರೂಪಾಳ ಬಲಗಾಲಿನ ಮೀನಖಂಡವನ್ನು ಸೀಳಿಕೊಂಡು ಹೋಗಿ ಪಕ್ಕದಲ್ಲಿ ಬಿದ್ದಿತ್ತು. ಅವಳು ಕೂತಿದ್ದಳು. ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬೇರೆ ಯಾರದೋ ಕಾಲೆಂಬಂತೆ ನೋಡುತ್ತಿದ್ದಳು.

ನನ್ನ ವೇಲಿನಿಂದ ಗಾಯವನ್ನು ಬಿಗಿದು ಕಟ್ಟಿ, ಆಟೋದಲ್ಲಿ ತೊಡೆಯ ಮೇಲೆ ಅವಳ ಕಾಲಿಟ್ಟುಕೊಂಡು ಹೊಳಲ್ಕೆರೆಯ ಆಸ್ಪತ್ರೆಗೆ, ಅಲ್ಲಿಂದ ಚಿತ್ರದುರ್ಗಕ್ಕೆ ಹೋದೆವು. ದಾರಿಯುದ್ದಕ್ಕೂ ಅವಳು ಕೇಳಿದ್ದು ಒಂದೇ: "ಅಪ್ಪಂಗೆ ಹೇಳ್ತೀರಾ ಮೇಡಂ?"

ಸ್ನಾಯು ಹರಿದಿತ್ತು, ಮೂಳೆಗೆ ಪೆಟ್ಟಾಗಿರಲಿಲ್ಲ. ಹೊಲಿಗೆ ಹಾಕಿದ ವೈದ್ಯರು, ನಡೆಯುತ್ತಾಳೆ, ಮೊದಲಿನಂತೆ ಓಡುವುದನ್ನು ಈಗಲೇ ಹೇಳಲಾರೆ ಎಂದರು. ಶಾಲೆಯ ಮುಖ್ಯ ಶಿಕ್ಷಕರು ಅಷ್ಟರಲ್ಲಿ ಬಂದಿದ್ದರು. ನನ್ನನ್ನು ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ, "ಬೇಲಿ ದಾಟುವಾಗ ತಂತಿ ಸೀಳಿತು ಅಂತ ಬರೆಯಾಣ ಮೇಡಂ. ಹುಡ್ಗೀರಿಗೂ ಹಂಗೇ ಹೇಳಾಣ. ನಿಮ್ಮ ಕೆಲ್ಸಕ್ಕೆ ತೊಂದ್ರೆ ಆಗೋದು ಬೇಡ" ಎಂದರು.

ನಾನು ಬೇಡ ಎನ್ನಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ. ಅವತ್ತು ಸಂಜೆಯವರೆಗೂ ನಾನು ಆ ಬೇಲಿಯನ್ನು ಮನಸ್ಸಿನಲ್ಲಿ ಕಟ್ಟುತ್ತಲೇ ಇದ್ದೆ. ಯಾವ ಕಡೆಯ ಬೇಲಿ, ಎಷ್ಟು ಎತ್ತರ, ತಂತಿಗೆ ತುಕ್ಕು ಹಿಡಿದಿತ್ತೇ ಎಂದೆಲ್ಲ ಯೋಚಿಸಿದೆ. ಊರಿಗೆಲ್ಲ ಒಳ್ಳೆಯ ಟೀಚರು ಎನಿಸಿಕೊಂಡವಳಿಗೆ ಆ ಹೆಸರು ಕಳೆದುಕೊಳ್ಳುವುದು ಕೆಲಸ ಕಳೆದುಕೊಳ್ಳುವುದಕ್ಕಿಂತ ಕಷ್ಟವಾಗಿ ಕಂಡಿತು.

ಭಾಗ್ಯ ತನ್ನ ತಾಯಿಯೊಂದಿಗೆ ಬಸ್ಸು ಹಿಡಿದು ಬಂದು ಆಸ್ಪತ್ರೆಯ ವರಾಂಡದಲ್ಲಿ ನಿಂತಿದ್ದಳು. ಸಮವಸ್ತ್ರ ಬದಲಿಸಿರಲಿಲ್ಲ. ನಾನು ಹತ್ತಿರ ಹೋದಾಗ ನೆಲ ನೋಡುತ್ತ ಕೇಳಿದಳು.

"ಮೇಡಂ, ಬೇಲಿ ಅಂತ ಹೇಳ್ಬೇಕಂತೆ. ಹಂಗಂದ್ರೆ ನಾನು ಎಸ್ದೇ ಇಲ್ಲ ಅಂತಾಗ್ತೈತಾ?"

"ಯಾಕೆ ಹಂಗೆ ಕೇಳ್ತೀಯವ್ವ?"

"ನಾನು ಎಸ್ದಿದೀನಿ. ರೂಪಂಗೂ ಗೊತ್ತೈತೆ. ಆಮೇಲೆ ನಾವಿಬ್ರು ಏನಂತ ಮಾತಾಡೋದು?"

ನಾನು ಕಟ್ಟಿದ ಬೇಲಿ ಈ ಹುಡುಗಿಯರ ನಡುವೆ ನಿಲ್ಲುವಂಥದ್ದು ಎಂದು ಆಗ ತಿಳಿಯಿತು. ಭಾಗ್ಯಳ ತಲೆ ಮುಟ್ಟಿ, "ಎಸೆದದ್ದು ನೀನು. ಆದ್ರೆ ತಪ್ಪು ನಂದು. ನೋಡ್ಬೇಕಾದವಳು ನಾನು, ನೋಡ್ಲಿಲ್ಲ. ಯಾರು ಕೇಳಿದ್ರೂ ಇದನ್ನೇ ಹೇಳು" ಎಂದೆ. ಅವಳು ಅಲ್ಲಿಯವರೆಗೆ ಅತ್ತಿರಲಿಲ್ಲ. ಆಮೇಲೆ ಅತ್ತಳು.

ತಿಪ್ಪೇಸ್ವಾಮಿ ಕೆಲಸದ ಜಾಗದಿಂದಲೇ ಬಂದಿದ್ದ. ಮೊಣಕೈಯವರೆಗೆ ಸಿಮೆಂಟು ಒಣಗಿತ್ತು. ಮಗಳನ್ನು ನೋಡಿ ಬಂದು ಬೆಂಚಿನ ತುದಿಯಲ್ಲಿ ಕೂತ. ನಾನು ಎದುರಿಗೆ ನಿಂತು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವನು ಪೂರ್ತಿ ಕೇಳಿದ.

"ನೀವು ಎಲ್ಲಿದ್ರಿ?"

"ಅಲ್ಲೇ ಇದ್ದೆ. ಬೆನ್ನು ತಿರುಗಿಸಿ ಸಹಿ ಹಾಕ್ತಿದ್ದೆ."

ಅವನು ಅಂಗೈಯಲ್ಲಿ ಅಂಟಿದ್ದ ಸಿಮೆಂಟನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದ.

"ನಾವು ಗೋಡೆಗೆ ಕಟ್ಟಿದ ಸಾರ್ವೆ ಮೇಲಿಂದ ಹಲಗೆ ಕೆಳಗೆ ಬಿಡ್ವಾಗ ಒಬ್ನು ಕೆಳಗೆ ನಿಂತಿರ್ತಾನೆ ಮೇಡಂ. ಅವನಿಗೆ ಬ್ಯಾರೆ ಕೆಲ್ಸ ಕೊಡಲ್ಲ. ಅವನು ಕೂಗೋಗಂಟ ಮೇಲಿನೋನು ಕೈ ಬಿಡಂಗಿಲ್ಲ. ಮೇಸ್ತ್ರಿ ಹೇಳಿದ್ರೂ ಬಿಡಂಗಿಲ್ಲ. ಓದಿಲ್ದೋರು ನಾವು, ನಮಗೇ ಇಷ್ಟು ಗೊತ್ತೈತೆ" ಎಂದ. ಕೊನೆಗೆ, "ನಿಜ ಹೇಳಿದ್ರಿ. ಅದಕ್ಕೆ ಬೈಯಾಕೆ ಬಾಯಿ ಬರ್ತಿಲ್ಲ. ಆದ್ರೆ ಇನ್ನು ನನ್ ಮಗಳನ್ನ ಬಯಲಿಗೆ ಕಳಸಲ್ಲ" ಎಂದು ಎದ್ದು ಹೋದ.

ಬೈದಿದ್ದರೆ ಹಗುರವಾಗುತ್ತಿತ್ತೇನೋ. ಆ ಮಾತುಗಳು ನನ್ನೊಳಗೆ ಬಹಳ ಕಾಲ ಇದ್ದವು.

ನೋಟಿಸು ಬಂತು. ವಿಚಾರಣೆಗೆ ಬಂದವರು ಅದೇ ಓಂಕಾರಪ್ಪನವರು. ಅವರೂ ಹೊಳಲ್ಕೆರೆಗೆ ವರ್ಗವಾಗಿ ಬಂದಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಬರೆದುಕೊಟ್ಟ ಹೇಳಿಕೆ ಓದಿ, "ತಪ್ಪು ಯಾರದು ಅನ್ನೋ ಜಾಗದಾಗೆ ನಿಮ್ಮ ಹೆಸ್ರು ನೀವೇ ಬರ್ದಿದೀರಿ" ಎಂದರು. ಹೌದು ಎಂದೆ. ಎಚ್ಚರಿಕೆ ಪತ್ರ ನನ್ನ ಸೇವಾ ಪುಸ್ತಕಕ್ಕೆ ಸೇರಿತು. ಕೊನೆಯವರೆಗೂ ಅಲ್ಲೇ ಇತ್ತು. ಅದು ಅನ್ಯಾಯ ಎಂದು ನನಗೆ ಯಾವತ್ತೂ ಅನಿಸಲಿಲ್ಲ.

ಹೊರಡುವ ಮುಂಚೆ ಅವರು ಭರ್ಜಿಗಳನ್ನು ತೋರಿಸಿ ಎಂದರು. ನಾನು ಅವೆರಡನ್ನೂ ಗೋಣಿಚೀಲದಲ್ಲಿ ಸುತ್ತಿ ಬೀರುವಿನ ಹಿಂದೆ ಗೋಡೆಗೆ ಒತ್ತಿ ಇಟ್ಟಿದ್ದೆ. ಗುಂಡು, ಚಕ್ರ ಎಲ್ಲವನ್ನೂ ಒಳಗೆ ಹಾಕಿ ಬೀಗ ಜಡಿದಿದ್ದೆ. ಆ ತಿಂಗಳು ಮಕ್ಕಳಿಗೆ ಕೇರಂ ಬೋರ್ಡು ಮಾತ್ರ ಸಿಗುತ್ತಿತ್ತು. ಅವರು ಬೀಗವನ್ನು ಒಮ್ಮೆ ಅಲ್ಲಾಡಿಸಿ ನೋಡಿದರು.

"ಇದು ತಪ್ಪಿಗೆ ಪರಿಹಾರ ಅಲ್ಲಮ್ಮ. ಹೆದರಿಕೆ. ಕ್ರಮ ಏನು ಮಾಡ್ಕೊಂಡಿದೀರಿ ಅಂತ ಮುಂದಿನ ತಿಂಗ್ಳು ಬಂದು ನೋಡ್ತೀನಿ" ಎಂದು ಹೊರಟುಹೋದರು.

ಅವರು ಹೋದ ಮೇಲೆ ಬಯಲಿನಲ್ಲಿ ಒಬ್ಬಳೇ ಓಡಾಡುತ್ತ ಯೋಚಿಸಿದೆ. ಚೆಂಡಿಗೂ ಹಗ್ಗಕ್ಕೂ ಜೀವ ಕೊಟ್ಟು ಮಕ್ಕಳಿಗೆ ಪ್ರೀತಿ ಕಲಿಸಿದ್ದೆ. ಪ್ರೀತಿಯಿಂದ ಅವು ಹೆಚ್ಚು ದಿನ ಬಾಳಿದವು, ನಿಜ. ಆದರೆ ಕಬ್ಬಿಣದ ಮೊನೆ ಇರುವುದಕ್ಕೂ ಕೊಕ್ಕರೆ ಎಂದು ಮುದ್ದಿನ ಹೆಸರು ಇಟ್ಟಾಗ ನಾನು ನಕ್ಕು ಒಪ್ಪಿಕೊಂಡಿದ್ದೆ. ಕುರಿ ಕಾಯುವ ಮಕ್ಕಳಿಗೆ ಗುದ್ದುವ ಟಗರಿನ ಎದುರು ಬಾಗಬಾರದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಅರ್ಧ ಪಾಠವನ್ನು ಮಾತ್ರ ಅವರಿಂದ ಕಲಿತಿದ್ದೆ. ಹೆಸರಿಟ್ಟರೆ ಸಾಕಿದಂತಾಗುವುದಿಲ್ಲ. ಪ್ರಾಣಿ ಎಂದಮೇಲೆ ಅದು ಏನು ಮಾಡಬಲ್ಲದು ಎಂಬುದನ್ನೂ ಹೇಳಬೇಕಿತ್ತು. ನಾನು ಆಮೇಲೂ ಈ ಆಟವನ್ನು ಬಿಡಲಿಲ್ಲ, ಆದರೆ ಯಾವುದಕ್ಕೆ ಹೆಸರಿಡುವಾಗಲೂ ಅದು ಎಲ್ಲಿ ಕಚ್ಚುತ್ತದೆ ಎಂದು ಮೊದಲು ಕೇಳುತ್ತಿದ್ದೆ.

ತಿಪ್ಪೇಸ್ವಾಮಿ ಹೇಳಿದ್ದನ್ನೇ ಕ್ರಮವಾಗಿ ಮಾಡಿದೆ. ಸುಣ್ಣದಲ್ಲಿ ಗೆರೆ ಎಳೆದೆ. ಗೆರೆಯ ಪಕ್ಕ ಒಬ್ಬರು ಸೀಟಿ ಹಿಡಿದು ನಿಲ್ಲಬೇಕು, ಅವರಿಗೆ ಬೇರೆ ಕೆಲಸವಿಲ್ಲ. ಮೊದಲ ಸೀಟಿಗೆ ಎಸೆತ. ಎಲ್ಲ ನೆಲಕ್ಕೆ ಬಿದ್ದ ಮೇಲೆ ಎರಡನೇ ಸೀಟಿ, ಆಗ ಮಾತ್ರ ಹೋಗಿ ತರುವುದು. ಯಾರಾದರೂ ಗೆರೆ ದಾಟಿದರೆ ಉದ್ದನೆಯ ಸೀಟಿ, ಅದಕ್ಕೆ ಎಲ್ಲರೂ ನಿಲ್ಲಬೇಕು. ಇದು ಈಗ ಎಲ್ಲ ಕಡೆ ಇರುವ ನಿಯಮವೇ. ನಾನೂ ಓದಿದ್ದೆ. ಓದಿದ್ದಕ್ಕೂ ಮಾಡಿದ್ದಕ್ಕೂ ನಡುವೆ ಒಂದು ಮಗುವಿನ ಕಾಲು ಬಂದಿತ್ತು.

ರೂಪಾ ಎರಡು ತಿಂಗಳ ಮೇಲೆ ಶಾಲೆಗೆ ಬಂದಳು. ಸ್ವಲ್ಪ ಎಳೆದು ನಡೆಯುತ್ತಿದ್ದಳು. ಆಟದ ಪಿರಿಯಡ್ಡಿನಲ್ಲಿ ತರಗತಿಯ ಕಿಟಕಿಯ ಬಳಿ ಕೂತಿರುತ್ತಿದ್ದಳು. ಭಾಗ್ಯ ಆಡುವುದನ್ನು ಬಿಟ್ಟು ಅವಳ ಪಕ್ಕದಲ್ಲಿ ಕೂತುಕೊಳ್ಳುವಳು. ಅವರಿಬ್ಬರೂ ಮಾತಾಡುತ್ತಿದ್ದರು ಎಂಬುದೇ ನನಗೆ ಸಮಾಧಾನ. ಒಂದು ದಿನ ರೂಪಾ ತಾನಾಗಿಯೇ ಬಂದಳು.

"ಮೇಡಂ, ಸೀಟಿ ಊದಾಕೆ ಯಾರು ನಿಲ್ತಾರೆ?"

"ಈಗ ನಾನೇ ನಿಲ್ತೀನಿ. ಯಾಕೆ?"

"ನಾನು ನಿಲ್ತೀನಿ. ಭಾಗ್ಯಕ್ಕ ಎಸಿಯಾಕೆ ಬರ್ತಾಳಂತೆ, ನಾನು ನಿಂತ್ರೆ."

"ಕೊಕ್ಕರೆ ಕಂಡ್ರೆ ಭಯ ಇಲ್ವಾ?"

"ಐತೆ" ಎಂದಳು. "ಅದನ್ನ ಕೊಕ್ಕರೆ ಅನ್ಬ್ಯಾಡ್ರಿ ಮೇಡಂ. ಅದಕ್ಕೆ ಹೆಸ್ರು ಬ್ಯಾಡ. ಭರ್ಜಿ ಅನ್ರಿ."

ತಂದೆಯ ಒಪ್ಪಿಗೆ ಇಲ್ಲದೆ ನಾನು ಹ್ಞೂಂ ಎನ್ನುವಂತಿರಲಿಲ್ಲ. ಅವನು ಮನೆ ಕಟ್ಟುತ್ತಿದ್ದ ಜಾಗಕ್ಕೇ ಹೋದೆ. ಸಾರ್ವೆಯ ಮೇಲಿದ್ದವನು ನನ್ನನ್ನು ನೋಡಿ, ಕೆಳಗಿದ್ದವನಿಗೆ ಕೈ ತೋರಿಸಿ ಕೆಲಸ ನಿಲ್ಲಿಸಿ ಇಳಿದು ಬಂದ. ನಾನು ಹೇಳಿದ್ದನ್ನು ಕೇಳಿ ತಲೆಗೆ ಕಟ್ಟಿದ್ದ ಟವೆಲು ಬಿಚ್ಚಿ ಮುಖ ಒರೆಸಿಕೊಂಡ.

"ಅವ್ಳೇ ಕೇಳಿದ್ಲಾ?"

"ಅವಳೇ ಕೇಳಿದ್ಲು."

"ಎಸಿಯಾಕೆ ಬ್ಯಾಡ. ನಿಲ್ಲಾಕೆ ಆದ್ರೆ ನಿಲ್ಲಲಿ. ಆದ್ರೆ ಒಂದು ಮಾತು ಮೇಡಂ. ಅವ್ಳು ನಿಲ್ಲು ಅಂದ್ರೆ ನೀವೂ ನಿಲ್ಬೇಕು. ಇಲ್ಲಾಂದ್ರೆ ಆ ಕೆಲ್ಸ ಕೊಡ್ಬ್ಯಾಡ್ರಿ."

ಆಗಲಿ ಎಂದೆ.

ಮೊದಲ ದಿನ ರೂಪಾ ಗೆರೆಯ ಪಕ್ಕದಲ್ಲಿ ಒಳ್ಳೆಯ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದಳು. ಸೀಟಿಯ ದಾರವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡಿದ್ದಳು. ಹುಡುಗಿಯರೆಲ್ಲ ಗೆರೆಯ ಹಿಂದೆ. ಭಾಗ್ಯ ಭರ್ಜಿ ಎತ್ತಿ ಹಿಡಿದಿದ್ದಳು. ಬಯಲಿನಲ್ಲಿ ದೂರ ಅಳೆಯಲು ನೆಟ್ಟಿದ್ದ ಒಂದು ಗೂಟ ಗಾಳಿಗೆ ಬಿದ್ದಿತ್ತು. ಇಷ್ಟು ವರ್ಷದ ಅಭ್ಯಾಸ ನೋಡಿ, ಏನನ್ನೂ ಯೋಚಿಸದೆ ನಾನು ಅದನ್ನು ನೆಡಲು ನಡೆದುಬಿಟ್ಟೆ.

ಉದ್ದನೆಯ ಸೀಟಿ ಕೇಳಿಸಿತು. ತಿರುಗಿ ನೋಡಿದೆ. ಭಾಗ್ಯ ಭರ್ಜಿಯನ್ನು ಇಳಿಸಿ ಮೊನೆಯನ್ನು ನೆಲಕ್ಕೆ ಊರಿದ್ದಳು. ರೂಪಾ ಕೈ ಅಗಲಿಸಿ ನಿಂತಿದ್ದಳು.

"ಮೇಡಂ, ಈಚೆ ಬರ್ರಿ. ನೀವು ಗೆರೆ ದಾಟಿದೀರಿ."

ಹುಡುಗಿಯರು ಯಾರೂ ನಗಲಿಲ್ಲ. ನಾನು ಬಿದ್ದ ಗೂಟವನ್ನು ಹಾಗೇ ಬಿಟ್ಟು ಈಚೆ ಬಂದು ಅವರ ಸಾಲಿನ ಕೊನೆಯಲ್ಲಿ ನಿಂತುಕೊಂಡೆ. ರೂಪಾ ಎಡಕ್ಕೊಮ್ಮೆ ನೋಡಿದಳು, ಬಲಕ್ಕೊಮ್ಮೆ ನೋಡಿದಳು, ನನ್ನ ಕಾಲು ಎಲ್ಲಿದೆ ಎಂದು ಇನ್ನೊಮ್ಮೆ ನೋಡಿದಳು. ಆಮೇಲೆ ಸೀಟಿಯನ್ನು ಬಾಯಿಗಿಟ್ಟಳು.